ಪಂದ್ಯದ ಕುದುರೆಯ ಲಾಯ

ಕುದುರೆ ಪಂದ್ಯವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ. ಬಿಳಿಯ ಕಟಕಟೆಯ ಆಚೆ ಹಸಿರು ಹುಲ್ಲಿನ ಮೇಲೆ ಗುಂಪುಗೂಡಿ ನುಗ್ಗಿಬರುವ ಕುದುರೆಗಳು, ಅವುಗಳ ಬೆನ್ನಮೇಲೆ ಬಣ್ಣಬಣ್ಣದ ಅಂಗಿ ತೊಟ್ಟು ಬಾಗಿದ ಜಾಕಿಗಳು, ಈಚೆ ಸಾವಿರಾರು ಕಂಠಗಳ ಕೂಗು. ೧೨೦೦ ಮೀಟರಿನ ಓಟವಾದರೆ ಒಂದೂಕಾಲು ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಕೆಲವರು ನಗುತ್ತಾರೆ, ಹೆಚ್ಚಿನವರು ಕೈಯಲ್ಲಿದ್ದ ಚೀಟಿಯನ್ನು ಹರಿದು ಬಿಸುಡುತ್ತಾರೆ, ಮುಂದಿನ ಓಟದಲ್ಲಿ ಗೆಲ್ಲುವ ಕುದುರೆ ಯಾವುದೆಂಬ ಪ್ರಶ್ನೆ ಮತ್ತೆ ಬಾಯಿಂದ ಬಾಯಿಗೆ ಹಬ್ಬುತ್ತದೆ.

ಆ ಪ್ರಶ್ನೆಗೆ ಉತ್ತರವುಂಟೆ? ಉಂಟೆಂದು ನಮ್ಮ ದೇಶದ ನ್ಯಾಯಶಾಸ್ತ್ರವೇ ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. ೧೯೯೬ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮದರಾಸಿನ ಪಂದ್ಯಗಳಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಕುದುರೆ ಪಂದ್ಯವು ಬರಿಯ ಅದೃಷ್ಟದಾಟವಲ್ಲ, ಪ್ರಧಾನವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ಕೌಶಲವೆಂಬುದನ್ನು ಒಪ್ಪೋಣ. ಆದರೆ ಆ ಕೌಶಲ ಯಾರದು, ಎಲ್ಲಿಯದು? ಚೀಟಿ ಕೊಳ್ಳುವ ಕಿಂಡಿಯ ಮುಂದೆ ನಿಂತವನದಂತೂ ಬಹುಪಾಲು ಅಲ್ಲ. ಅದು ಪಂದ್ಯದ ದಿನಕ್ಕೆ ಎಷ್ಟೋ ತಿಂಗಳು ಮೊದಲೇ, ಬೆಳಗಿನ ಜಾವದ ಕತ್ತಲಲ್ಲಿ, ನಗರವಾಸಿಗಳು ಮಲಗಿರುವ ಹೊತ್ತಿನಲ್ಲಿ, ಲಾಯದೊಳಗೆ ವ್ಯಯವಾಗುವ ಕೌಶಲ. ಆ ಲಾಯದ ದಿನಚರಿಯನ್ನೂ, ಅಲ್ಲಿಂದ ಕುದುರೆಯೊಂದು ಮುಂದಿನ ವಾರದ ಓಟದ ಪಟ್ಟಿಗೆ ಬರುವ ಕ್ರಮವನ್ನೂ ತಮ್ಮ ಮುಂದೆ ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲು ನೆಲದ ವಿಚಾರ. ಕುದುರೆಯ ಲಾಯವನ್ನು ಎಲ್ಲಿ ಬೇಕಾದರೂ ಕಟ್ಟಬಹುದೆಂದು ತಿಳಿಯಬಾರದು. ಹೊಸನಗರದ ಸೀಮೆಯ ನಿಟ್ಟೂರನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಅಲ್ಲಿಂದ ಪಶ್ಚಿಮಕ್ಕೆ ನಾಗೋಡಿಯ ಘಟ್ಟವಿಳಿದರೆ ಕೊಲ್ಲೂರು. ಕಾಡು, ಅಡಕೆಯ ತೋಟ, ಗದ್ದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆ. ಹುಲ್ಲಿಗೆ ಬರವಿಲ್ಲ, ನೀರಿಗೆ ಬರವಿಲ್ಲ. ಆದರೂ ಅಲ್ಲಿಯ ಕೊಟ್ಟಿಗೆಯಲ್ಲಿ ಎತ್ತು ಎಮ್ಮೆಗಳನ್ನು ಕಾಣುವೆವೇ ಹೊರತು ಕುದುರೆಯನ್ನು ಕಾಣುವುದಿಲ್ಲ. ಕಾರಣ ಗೊರಸಿನಲ್ಲಿದೆ. ಎತ್ತಿನ ಗೊರಸು ಸೀಳಿದ್ದು. ಕೆಸರಿನಲ್ಲಿ ಇಟ್ಟಾಗ ಎರಡು ಭಾಗವಾಗಿ ಅಗಲಿ ಭಾರವನ್ನು ಹರಡುತ್ತದೆ, ಎತ್ತಿದಾಗ ಕೂಡಿಕೊಂಡು ಸುಲಭವಾಗಿ ಹೊರಬರುತ್ತದೆ. ಕುದುರೆಯದು ಒಂಟಿ ಗೊರಸು. ಗಟ್ಟಿಯಾದ ಒಣನೆಲದ ಮೇಲೆ ಓಡಲು ಅದಕ್ಕಿಂತ ಉತ್ತಮವಾದ ಸಾಧನವಿಲ್ಲ; ಗದ್ದೆಯ ಕೆಸರಿನಲ್ಲಿಯಾದರೋ ಅದು ಹೂತುಕೊಳ್ಳುತ್ತದೆ. ಸದಾ ತೇವದಲ್ಲಿ ನಿಂತರೆ ಮೆತ್ತಗಾಗಿ, ಒಳಭಾಗ ಕೊಳೆತು, ಕುದುರೆ ಕುಂಟತೊಡಗುತ್ತದೆ. ಮಲೆನಾಡಿನ ಉಂಬಳಗಳ ಕಾಟವನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಮಲೆನಾಡು ಕುದುರೆಯನ್ನೇ ಕಾಣದ ನಾಡಲ್ಲ. ನಿಟ್ಟೂರಿಗೆ ಸಮೀಪದ ನಗರವು, ಬಿದನೂರೆಂಬ ಹೆಸರಿನಿಂದ, ಕೆಳದಿಯ ಅರಸರ ರಾಜಧಾನಿಯಾಗಿತ್ತು. ೧೭೬೩ರಲ್ಲಿ ಅದನ್ನು ಹೈದರಾಲಿ ಹಿಡಿದನು. ಅರಬ್ಬೀ ಸಮುದ್ರದ ಆಚೆಯಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳವೇ ಮೊದಲಾದ ರೇವುಗಳಲ್ಲಿ ಇಳಿದು, ಘಟ್ಟವೇರಿ ಒಳನಾಡಿನ ಅರಸರ ಲಾಯಗಳನ್ನು ಸೇರುತ್ತಿದ್ದವು. ೧೮ನೆಯ ಶತಮಾನದ ಆದಿಯಲ್ಲಿ ಕೆಳದಿಯ ಬಸವಭೂಪಾಲನು ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತದ ಮಹಾಗ್ರಂಥದಲ್ಲಿ ಅಶ್ವಲಕ್ಷಣಕ್ಕೂ ಸ್ಥಾನವುಂಟು. ಅದಕ್ಕೂ ಆರು ನೂರು ವರ್ಷಗಳ ಹಿಂದೆ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕುದುರೆಯ ಮೇಲೆ ಕುಳಿತು ಆಡುವ ವಿನೋದವೊಂದನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೂ ಗ್ರಂಥಗಳು ಹುಟ್ಟಿದವು. ಕುದುರೆಯ ಪರಿಜ್ಞಾನ ನಮಗೆ ಆಂಗ್ಲರಿಂದ ಬಂದುದಲ್ಲ. ಪಂದ್ಯದ ಕಟ್ಟಳೆಗಳು ಮಾತ್ರ ಅವರಿಂದ ಬಂದವು.

ಮೈಸೂರಿನ ಬಯಲುಸೀಮೆ ಇದಕ್ಕೆ ಹೇಳಿ ಮಾಡಿಸಿದ ನೆಲ. ಒಣ ಹವೆ, ಹಿತವಾದ ಚಳಿ, ನೀರು ಬೇಗ ಬಸಿದುಹೋಗುವ ಮಣ್ಣು. ಬೆಂಗಳೂರಿನಿಂದ ಹಾಸನದ ದಾರಿಯಲ್ಲಿ ಸುಮಾರು ಎಪ್ಪತ್ತು ಕಿಲೋಮೀಟರು ಹೋದರೆ ಸಿಕ್ಕುವ ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಲ್ಲಿಯೇ ದಂಡಿನ ಕುದುರೆಗಳನ್ನು ಬೆಳೆಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ದಂಡಿನ ಕುದುರೆಗಳ ಕಾಲ ಕಳೆದಮೇಲೆ ಅದು ಪಂದ್ಯದ ಕುದುರೆಗಳ ತವರಾಯಿತು. ೧೯೯೨ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಮೂವತ್ತು ವರ್ಷಗಳ ಗುತ್ತಿಗೆಯ ಮೇಲೆ ಖಾಸಗಿಯವರಿಗೆ ವಹಿಸಿತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ೧೮೯೧ರಲ್ಲಿ, ರೇಸ್ ಕ್ಲಬ್ಬು ಸ್ಥಾಪಿತವಾಯಿತು. ಚಾಮುಂಡಿ ಬೆಟ್ಟದ ತಪ್ಪಲಿನ ಆ ಮೈದಾನವನ್ನು ತಮ್ಮಲ್ಲಿ ನೋಡದವರು ವಿರಳ. ಬೆಂಗಳೂರಿನ ಮೈದಾನವೋ ಪಟ್ಟಣದ ನಡುಮಧ್ಯದಲ್ಲಿಯೇ ಇದ್ದು, ರಸ್ತೆಯೊಂದಕ್ಕೆ ತನ್ನ ಹೆಸರನ್ನು ಕೊಟ್ಟಿತ್ತು. ಮೈದಾನ ಎಲ್ಲರಿಗೂ ಗೊತ್ತು. ಅದನ್ನು ಆಶ್ರಯಿಸಿರುವ ಲಾಯಗಳನ್ನು ಬಲ್ಲವರು ಕೆಲವರೇ.

ಲಾಯವೆಂದರೆ ಒಂದು ಸಂಸಾರ. ಅದರ ಯಜಮಾನ ತರಬೇತುದಾರ. ಕುದುರೆಗಳು ಆತನವಲ್ಲ, ಬೇರೆ ಬೇರೆ ಒಡೆಯರವು. ಯಾವ ಕುದುರೆಗೆ ಎಷ್ಟು ಕೆಲಸ, ಎಷ್ಟು ಮೇವು, ಯಾವ ಓಟ ಎಂಬುದನ್ನು ನಿರ್ಧರಿಸುವುದು ಆತನ ಭಾರ. ಬೆಳಗಿನ ಸವಾರಿಗೆ ಸವಾರಿಯ ಹುಡುಗರುಂಟು. ಪಂದ್ಯದ ದಿನ ಹತ್ತುವ ಜಾಕಿ ಬೇರೆ. ಲಾಳ ಕಟ್ಟುವವನುಂಟು, ಪಶುವೈದ್ಯನುಂಟು. ಇವರೆಲ್ಲರಿಗಿಂತ ಹೆಚ್ಚು ಹೊತ್ತು ಕುದುರೆಯ ಬಳಿಯಲ್ಲಿರುವಾತ ಮಾತ್ರ, ಹಿಂದೆ ಕಾಸ್ತಾರನೆನಿಸಿ ಈಗ ಸಯೀಸನೆನಿಸಿಕೊಂಡಿರುವವನು. ಒಬ್ಬೊಬ್ಬ ಸಯೀಸನ ಪಾಲಿಗೆ ಸಾಮಾನ್ಯವಾಗಿ ಎರಡು ಮೂರು ಕುದುರೆಗಳು. ಅವನ ವಿದ್ಯೆ ಪುಸ್ತಕದ್ದಲ್ಲ. ಎಷ್ಟೋ ಕಡೆ ತಂದೆಯಿಂದ ಮಗನಿಗೆ ಬಂದದ್ದು. ಪಂದ್ಯದ ಮರುದಿನ ಪತ್ರಿಕೆಯಲ್ಲಿ ಕುದುರೆಯ ಹೆಸರು, ಒಡೆಯನ ಹೆಸರು, ಜಾಕಿಯ ಹೆಸರು, ತರಬೇತುದಾರನ ಹೆಸರು ಎಲ್ಲವೂ ಅಚ್ಚಾಗುತ್ತವೆ. ಸಯೀಸನ ಹೆಸರನ್ನು ಅಲ್ಲಿ ಹುಡುಕಿದರೆ ಸಿಕ್ಕುವುದು ಅಪರೂಪ.

ಲಾಯದಲ್ಲಿ ಬೆಳಗಾಗುವುದು ಕೋಳಿ ಕೂಗುವುದಕ್ಕೆ ಮೊದಲು. ಸಯೀಸನು ಬಾಗಿಲು ತೆರೆದು ಮೊದಲು ನೋಡುವುದು ಕುದುರೆಯನ್ನಲ್ಲ, ಗೋದಲೆಯನ್ನು. ರಾತ್ರಿಯಿಟ್ಟ ಮೇವು ಖಾಲಿಯಾಗಿದ್ದರೆ ಅರ್ಧ ಚಿಂತೆ ಕಳೆಯಿತು. ಉಳಿದಿದ್ದರೆ ಏನೋ ಒಂದು ಕಾರಣವಿರಬೇಕು: ಜ್ವರವಿರಬಹುದು, ಹಲ್ಲುನೋವಿರಬಹುದು, ಹಿಂದಿನ ದಿನದ ಓಟ ಮಿತಿಮೀರಿರಬಹುದು. ಅನಂತರ ಲದ್ದಿಯನ್ನು ನೋಡುತ್ತಾನೆ. ಕುದುರೆಯ ಹೊಟ್ಟೆ ಅದರ ಗಾತ್ರಕ್ಕೆ ಬಹಳ ಚಿಕ್ಕದು. ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ತಿಂದದ್ದು ಒಗ್ಗದಿದ್ದರೆ ಹೊಟ್ಟೆಶೂಲೆ ಹಿಡಿದು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುವುದುಂಟು. ಆಮೇಲೆ ಸಯೀಸನು ಮಂಡಿಯೂರಿ ನಾಲ್ಕು ಕಾಲುಗಳನ್ನೂ ಅಂಗೈಯಿಂದ ಸವರುತ್ತಾನೆ. ಒಂದು ಕಾಲು ಇನ್ನೊಂದಕ್ಕಿಂತ ಸ್ವಲ್ಪ ಬೆಚ್ಚಗಿದೆಯೆ, ಹಿಂಬದಿಯ ನರದಲ್ಲಿ ಹುರುಳಿ ಕಾಳಿನಷ್ಟು ಊತವಿದೆಯೆ, ಎಂದು. ಆ ಬಿಸಿಯನ್ನು ಅವನ ಕೈ ಗುರುತಿಸಿದರೆ ಕುದುರೆ ಆ ದಿನ ಹೊರಡುವುದಿಲ್ಲ. ಅವನು ಗುರುತಿಸದೆ ಹೋದರೆ, ಅಥವಾ ಗುರುತಿಸಿ ಹೇಳದೆ ಹೋದರೆ, ಮುಂದಿನ ವಾರ ಮೈದಾನದಲ್ಲಿ ಆ ಕಾಲು ಮುರಿಯಬಹುದು.

ಈ ಎಚ್ಚರಕ್ಕೆ ಕಾರಣವನ್ನು ತಿಳಿಯಬೇಕಾದರೆ ಕುದುರೆಯ ಶರೀರವನ್ನು ಸ್ವಲ್ಪ ಅರಿಯಬೇಕು. ಪಂದ್ಯದ ಕುದುರೆ ತೂಗುವುದು ನಾನ್ನೂರೈವತ್ತರಿಂದ ಐನೂರು ಕಿಲೋಗ್ರಾಮಿನಷ್ಟು. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡವೆಂಬುದು ಇಲ್ಲವೆಂದೇ ಹೇಳಬಹುದು; ಎಲುಬು, ಅದರ ಹಿಂದೆ ಹಗ್ಗದಂತೆ ಬಿಗಿದ ಸ್ನಾಯುರಜ್ಜು, ಮೇಲೆ ತೊಗಲು, ಇಷ್ಟೇ. ನಾಗಾಲೋಟದಲ್ಲಿ ಒಂದು ಕ್ಷಣ ಒಂದೇ ಮುಂಗಾಲು ಇಡೀ ಶರೀರವನ್ನು ಹೊರಬೇಕಾಗಿ, ದೇಹಭಾರದ ಎರಡರಷ್ಟಕ್ಕೂ ಮೀರಿದ ಒತ್ತಡ ಅದರ ಮೇಲೆ ಬೀಳುತ್ತದೆ. ಆ ರಜ್ಜು ಒಮ್ಮೆ ಹರಿದರೆ ಕೂಡಿಕೊಳ್ಳಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಕೂಡಿದಮೇಲೂ ಮೊದಲಿನ ಸ್ಥಿತಿಸ್ಥಾಪಕತೆ ಬರುವುದು ದುರ್ಲಭ. ಎಲುಬು ಮುರಿದರಂತೂ ಅನೇಕ ವೇಳೆ ಉಳಿಸಲು ಸಾಧ್ಯವೇ ಇಲ್ಲ. ತಿಂಗಳುಗಟ್ಟಲೆ ಮೂರು ಕಾಲಿನ ಮೇಲೆ ನಿಲ್ಲುವುದು ಕುದುರೆಗೆ ಆಗದು. ಮಿಕ್ಕ ಗೊರಸುಗಳೂ ಭಾರಕ್ಕೆ ಕೆಡುತ್ತವೆ. ಮನುಷ್ಯನಂತೆ ಅದು ಮಲಗಿ ಗುಣವಾಗುವ ಪ್ರಾಣಿಯಲ್ಲ.

ಕಾಲು ಇಷ್ಟು ಕೋಮಲವಾದರೆ ಎದೆ ಅಷ್ಟೇ ಬಲಿಷ್ಠ. ನಿಂತಿರುವ ಕುದುರೆಯ ಹೃದಯ ನಿಮಿಷಕ್ಕೆ ಮೂವತ್ತೈದು ನಲವತ್ತು ಸಲ ಮಿಡಿದರೆ, ಓಟದ ಕೊನೆಯಲ್ಲಿ ಇನ್ನೂರಿಪ್ಪತ್ತನ್ನು ಮುಟ್ಟುತ್ತದೆ. ಬಾಯಿಂದ ಉಸಿರಾಡಲು ಅದಕ್ಕೆ ಬಾರದು, ಮೂಗಿನಿಂದಲೇ ಆಗಬೇಕು. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಉಸಿರು ಎಂಬ ಕಟ್ಟು. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳನ್ನು ಓಟದ ಸಮಯದಲ್ಲಿ ರಕ್ತಕ್ಕೆ ಸುರಿದು, ತನ್ನ ಬಲವನ್ನು ತಾನೇ ಹೆಚ್ಚಿಸಿಕೊಳ್ಳುವ ವಿಚಿತ್ರವಾದ ಏರ್ಪಾಡೂ ಅದರಲ್ಲಿದೆ. ತರಬೇತಿಯ ರಹಸ್ಯವೆಲ್ಲ ಇಲ್ಲಿಯೇ ಅಡಗಿದೆ. ಎದೆ ಬಹುಬೇಗ ಸಿದ್ಧವಾಗುತ್ತದೆ. ಕಾಲು ನಿಧಾನವಾಗಿ ಸಿದ್ಧವಾಗುತ್ತದೆ. ಎದೆಯ ಉತ್ಸಾಹವನ್ನು ನೋಡಿ ಕಾಲಿನ ಮೇಲೆ ಆತುರಪಟ್ಟವನು ಕುದುರೆಯನ್ನು ಕಳೆದುಕೊಳ್ಳುತ್ತಾನೆ.

ಆದುದರಿಂದಲೇ ಬೆಳಗಿನ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಜೀನು, ಕಡಿವಾಣಗಳನ್ನು ತೊಡಿಸಿ ಮೊದಲು ನಡೆಸುವುದು, ಅನಂತರ ಕುಕ್ಕುಲೋಟ, ಆಮೇಲೆ ಬಿಗಿಹಿಡಿದ ಲಗಾಮಿನಲ್ಲಿ ಮಧ್ಯಮ ವೇಗದ ಓಟ. ಅಮರಕೋಶವು ಕುದುರೆಯ ಗತಿಗಳನ್ನು ಐದಾಗಿ ವಿಂಗಡಿಸಿ ಒಂದೊಂದಕ್ಕೂ ಹೆಸರಿಟ್ಟಿದೆ. ತರಬೇತುದಾರನೂ ಅಷ್ಟೇ ಸೂಕ್ಷ್ಮವಾಗಿ ಅವನ್ನು ಬೇರೆ ಬೇರೆ ಮಾಡಿ ನೋಡುತ್ತಾನೆ. ಪೂರ್ಣ ವೇಗದ ಓಟ ವಾರಕ್ಕೆ ಒಂದೆರಡು ದಿನ ಮಾತ್ರ. ಆ ದಿನ ಬೇಲಿಯ ಬದಿಯಲ್ಲಿ ನಿಲ್ಲುಗಡಿಯಾರ ಹಿಡಿದ ಕೈಗಳು ಎಷ್ಟೋ. ೧೦೦೦ ಮೀಟರನ್ನು ಇಂಥ ಕುದುರೆ ಇಷ್ಟು ಸೆಕೆಂಡಿನಲ್ಲಿ ಓಡಿತೆಂಬ ವರದಿ ಮರುದಿನ ಪಂದ್ಯದ ಪುಸ್ತಿಕೆಗಳಲ್ಲಿ ಅಚ್ಚಾಗುತ್ತದೆ. ಓದುವವರು ಒಂದು ಮಾತನ್ನು ನೆನಪಿಡಬೇಕು: ಗಡಿಯಾರ ವೇಗವನ್ನು ಹೇಳುತ್ತದೆ, ಆ ವೇಗ ಕುದುರೆ ತಾನಾಗಿ ಕೊಟ್ಟದ್ದೋ, ಸವಾರ ಒತ್ತಾಯದಿಂದ ಪಡೆದದ್ದೋ, ಬೆನ್ನಮೇಲೆ ಇದ್ದ ಭಾರವೆಷ್ಟೋ ಎಂಬುದನ್ನು ಅದು ಹೇಳುವುದಿಲ್ಲ.

ಓಟ ಮುಗಿದ ಕುದುರೆಯನ್ನು ಕೂಡಲೇ ಕಟ್ಟಿಹಾಕುವಂತಿಲ್ಲ. ಬೆವರು ಆರಿ ಉಸಿರು ತಣ್ಣಗಾಗುವವರೆಗೆ ಸಯೀಸನು ಕೈಹಗ್ಗ ಹಿಡಿದು ಅದನ್ನು ನಡೆಸುತ್ತಾನೆ. ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾನೆ. ಮೈತೊಳೆದು, ಬ್ರಷ್ಷಿನಿಂದ ತಿಕ್ಕಿ, ಮಾಲೀಸು ಮಾಡಿ, ಗೊರಸಿನೊಳಗಿನ ಮಣ್ಣನ್ನು ಕೊಕ್ಕೆಯಿಂದ ತೆಗೆದು, ಕಾಲಿಗೆ ಪಟ್ಟಿ ಸುತ್ತುತ್ತಾನೆ. ಕಾಲುನೋವಿರುವ ಕುದುರೆಗೆ ಕೆಲವು ಕಡೆ ಕೊಳದಲ್ಲಿ ಈಜು ಹಾಕಿಸುವುದುಂಟು; ಕಾಲಿಗೆ ಭಾರವಿಲ್ಲದೆ ಎದೆಗೆ ಕೆಲಸವಾಗುತ್ತದೆ. ಹೊತ್ತೇರುವುದರೊಳಗೆ ಮೈದಾನದ ಕೆಲಸವೆಲ್ಲ ಮುಗಿದು ಲಾಯದಲ್ಲಿ ನಿಶ್ಶಬ್ದ. ಓಟ್ಸು, ಗೋದಿಯ ಬೂಸ, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು, ಇವು ಆಹಾರ. ನಮ್ಮ ಹಿಂದಿನವರಿಗೆ ಹುರುಳಿಯೇ ಪ್ರಧಾನವಾಗಿತ್ತು. ಹೊಟ್ಟೆ ಚಿಕ್ಕದಾದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪವಾಗಿ, ಅದೂ ನಿಯತಕಾಲದಲ್ಲಿ ಕೊಡಬೇಕು. ಸಂಜೆ ಮತ್ತೆ ನಡಿಗೆ, ಮತ್ತೆ ಕಾಲುಗಳ ಪರೀಕ್ಷೆ, ರಾತ್ರಿಯ ಮೇವು. ಭಾನುವಾರವೆಂದು, ಹಬ್ಬವೆಂದು ಇದಕ್ಕೆ ರಜವಿಲ್ಲ.

ಇನ್ನು ಮುಂದಿನ ಓಟದ ಪಟ್ಟಿಗೆ ಕುದುರೆ ಬರುವ ಬಗೆ. ಒಂದು ಲಾಯದಲ್ಲಿ ಮೂರು ಕುದುರೆಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದು ಎರಡು ವರ್ಷದ ಮರಿ. ಜನವರಿ ೧ನೆಯ ತಾರೀಖು ಎಲ್ಲ ಕುದುರೆಗಳಿಗೂ ಒಂದು ವಯಸ್ಸು ಏರುವುದು ಪಂದ್ಯದ ಕಟ್ಟಳೆ. ಹಾಗಾಗಿ ಫೆಬ್ರವರಿಯಲ್ಲಿ ಹುಟ್ಟಿದ್ದೂ ಮೇ ತಿಂಗಳಿನಲ್ಲಿ ಹುಟ್ಟಿದ್ದೂ ಕಾಗದದ ಮೇಲೆ ಸಮವಯಸ್ಕರು, ಎಲುಬಿನಲ್ಲಿ ಅಲ್ಲ. ಈ ಮರಿ ಇನ್ನೂ ಓಟ ಆರಂಭವಾಗುವ ಕಬ್ಬಿಣದ ಗೇಟಿನೊಳಗೆ ನಿಲ್ಲುವುದನ್ನು ಕಲಿಯುತ್ತಿದೆ. ಇಕ್ಕಟ್ಟಿನಲ್ಲಿ ಹೆದರದೆ ನಿಂತು, ಬಾಗಿಲು ತೆರೆದೊಡನೆ ನೇರವಾಗಿ ಹೊರಡಬೇಕು. ಮುಂಗಾಲಿನ ಎಲುಬು ನೋಯುತ್ತಿದ್ದರೆ ಬುದ್ಧಿವಂತನಾದ ತರಬೇತುದಾರನು ಅದನ್ನು ಓಡಿಸದೆ ಹಲವು ವಾರ ಹಿಂದಕ್ಕಿಡುತ್ತಾನೆ.

ಎರಡನೆಯದು ನಾಲ್ಕು ವರ್ಷದ್ದು. ಭಾರತದ ದೊಡ್ಡ ಪಂದ್ಯವಾದ ಇಂಡಿಯನ್ ಡರ್ಬಿ ಈ ವಯಸ್ಸಿನ ಕುದುರೆಗಳಿಗೆ ಮೀಸಲು. ದೂರ ೨೪೦೦ ಮೀಟರು. ೧೯೪೩ರಲ್ಲಿ ಮುಂಬಯಿಯಲ್ಲಿ ಮೊದಲ ಸಲ ನಡೆದಾಗ ಅದನ್ನು ಗೆದ್ದುದು ಬರೋಡೆಯ ಮಹಾರಾಜರ ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಬೆಂಗಳೂರಿನಲ್ಲಿ ನೆಲೆಸಿ ಹೆಸರಾದ ತರಬೇತುದಾರ ರಶೀದ್ ಬೈರಾಮ್‌ಜಿಯವರ ಕುದುರೆಗಳು ಆ ಪಂದ್ಯವನ್ನು ಹನ್ನೆರಡು ಸಲ ಗೆದ್ದುಕೊಂಡವು. ಇಂಥ ಪಂದ್ಯವನ್ನು ಬಯಸುವ ಕುದುರೆಗೆ ದೂರವನ್ನು ತಡೆಯುವ ತಾಳ್ಮೆಯನ್ನು ತಿಂಗಳುಗಟ್ಟಲೆ ಕಲಿಸಬೇಕು.

ಮೂರನೆಯದು ಐದಾರು ವರ್ಷದ, ಹೆಸರಿಲ್ಲದ, ಸಾಧಾರಣ ಕುದುರೆ. ನಮ್ಮ ಪಂದ್ಯಗಳಲ್ಲಿ ಹೆಚ್ಚಿನವು ಇಂಥವುಗಳಿಗಾಗಿಯೇ ಏರ್ಪಟ್ಟವು. ಇಲ್ಲಿ ಬರುವುದು ಭಾರದ ಸಮೀಕರಣ. ಒಂದೊಂದು ಕುದುರೆಯ ಹಿಂದಿನ ಸಾಧನೆಗಳನ್ನು ನೋಡಿ ಕ್ಲಬ್ಬಿನ ಅಧಿಕಾರಿ ಅದಕ್ಕೆ ಒಂದು ಅಂಕವನ್ನು ಗೊತ್ತುಮಾಡುತ್ತಾನೆ. ಅಂಕಕ್ಕೆ ಅರ್ಧ ಕಿಲೋಗ್ರಾಮಿನಂತೆ ಭಾರ. ೬೦ ಅಂಕದ ಕುದುರೆ ೫೦ ಅಂಕದ ಕುದುರೆಯೊಡನೆ ಓಡಿದರೆ ಐದು ಕಿಲೋಗ್ರಾಮು ಹೆಚ್ಚು ಹೊರಬೇಕು. ಜಾಕಿಯ ತೂಕ ಸಾಲದಿದ್ದರೆ ಸೀಸದ ತಗಡುಗಳನ್ನು ಸೇರಿಸುತ್ತಾರೆ. ಗೆದ್ದರೆ ಅಂಕ ಏರುತ್ತದೆ, ಸೋಲುತ್ತಾ ಬಂದರೆ ಇಳಿಯುತ್ತದೆ. ಇದರ ಉದ್ದೇಶವೇನು? ಬಲಿಷ್ಠನಿಗೆ ಹೊರೆ ಹೊರಿಸಿ ದುರ್ಬಲನಿಗೆ ಹಗುರ ಮಾಡಿ, ಎಲ್ಲರೂ ಒಂದೇ ಗಳಿಗೆಯಲ್ಲಿ ಗುರಿ ಮುಟ್ಟುವಂತೆ ಮಾಡುವುದು. ತಾವು ಈ ಮಾತಿನ ಅರ್ಥವನ್ನು ಗಮನಿಸಬೇಕು. ಗೆಲ್ಲುವ ಕುದುರೆ ಯಾವುದೆಂದು ಯಾರಿಗೂ ಹೇಳಲಾಗಬಾರದೆಂಬುದೇ ಆ ಅಧಿಕಾರಿಯ ವೃತ್ತಿಧರ್ಮ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ನಮ್ಮ ಊಹೆ ಕೆಡುತ್ತದೆ.

ತರಬೇತುದಾರನು ಮೊದಲು ಕುದುರೆಯ ಹೆಸರನ್ನು ಕೊಡುತ್ತಾನೆ. ಭಾರಗಳು ಪ್ರಕಟವಾಗುತ್ತವೆ. ಅದನ್ನು ನೋಡಿ ಓಡಿಸುವುದೋ ಹಿಂತೆಗೆಯುವುದೋ ನಿರ್ಧರಿಸುತ್ತಾನೆ, ಜಾಕಿಯನ್ನು ಗೊತ್ತುಮಾಡುತ್ತಾನೆ, ಯಾವ ಗೇಟಿನಿಂದ ಹೊರಡಬೇಕೆಂಬುದನ್ನು ಚೀಟಿಯೆತ್ತಿ ತೀರ್ಮಾನಿಸುತ್ತಾರೆ. ಹೀಗೆ ಸಿದ್ಧವಾದ ಪಟ್ಟಿಯಲ್ಲಿ ಕುದುರೆಯ ತಂದೆತಾಯಿ, ವಯಸ್ಸು, ಬಣ್ಣ, ಭಾರ, ಹಿಂದಿನ ಓಟಗಳ ಫಲ ಎಲ್ಲವೂ ಇರುತ್ತವೆ. ಅದನ್ನು ಓದಬಲ್ಲವನಿಗೆ ಕೆಲವು ಸಂಗತಿಗಳು ತಿಳಿಯುವುದು ನಿಜ: ಈ ದೂರವನ್ನು ಇದು ಹಿಂದೆ ತಡೆದಿದೆಯೆ, ಮಳೆಯಿಂದ ಮೆತ್ತಗಾದ ನೆಲದಲ್ಲಿ ಓಡಿದೆಯೆ, ಭಾರ ಹೆಚ್ಚಿತೋ ಇಳಿಯಿತೋ, ಬಹುದಿನದ ವಿಶ್ರಾಂತಿಯ ಮೇಲೆ ಬಂದಿದೆಯೋ. ಮೈಸೂರಿನ ಮಳೆಗಾಲದ ಪಂದ್ಯಗಳಲ್ಲಿ ನೆಲದ ವಿಚಾರ ಮುಖ್ಯವಾದುದು. ಇಷ್ಟನ್ನು ತೂಗಿ ನೋಡುವುದು ಬುದ್ಧಿಗೆ ಒಂದು ವ್ಯಾಯಾಮ. ಅದನ್ನು ನಾನು ಹಳಿಯುವುದಿಲ್ಲ. ಆದರೆ ಆ ದಿನ ಬೆಳಗ್ಗೆ ಗೋದಲೆಯಲ್ಲಿ ಮೇವು ಉಳಿದಿತ್ತೆ, ಎಡಮುಂಗಾಲು ಬೆಚ್ಚಗಿತ್ತೆ ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದೇ ಅನೇಕ ವೇಳೆ ಫಲವನ್ನು ನಿರ್ಣಯಿಸುತ್ತದೆ.

ಇದನ್ನೆಲ್ಲ ಬಲ್ಲವರಿಗಾದರೂ ಖಚಿತವುಂಟೆ? ನಮ್ಮ ದೇಶದ ಅತ್ಯುತ್ತಮ ಕುದುರೆಗಳೆನಿಸಿದ ಸ್ಕ್ವಾಂಡರರ್ ೧೯ ಓಟಗಳಲ್ಲಿ ೧೮ನ್ನೂ, ಎಲ್ಯೂಸಿವ್ ಪಿಂಪರ್ನೆಲ್ ೨೩ರಲ್ಲಿ ೨೨ನ್ನೂ ಗೆದ್ದವು. ಅಂದರೆ ಸೋಲಲಾರವೆಂದು ತೋರಿದ ಅವೂ ಒಂದೊಂದು ಸಲ ಸೋತವು. ಸಾಧಾರಣ ಕುದುರೆಯ ಮಾತು ಹೇಳುವುದೇನು!

ಹಣದ ಲೆಕ್ಕವನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು, ಏಕೆಂದರೆ ಇದರಲ್ಲಿ ಕೈಸುಟ್ಟುಕೊಳ್ಳುವವರು ಅನಕ್ಷರಸ್ಥರು ಮಾತ್ರವಲ್ಲ. ತಿಂಗಳ ಸಂಬಳದ ನಮ್ಮಂಥವರೂ ಉಂಟು. ಎಲ್ಲರೂ ಹಾಕಿದ ಹಣ ಒಂದು ರಾಶಿಯಾಗಿ, ಅದರಿಂದ ತೆರಿಗೆಯನ್ನೂ ಕ್ಲಬ್ಬಿನ ಪಾಲನ್ನೂ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುವುದು ಯಂತ್ರದ ಮೂಲಕ ನಡೆಯುವ ಪಣದ ಕ್ರಮ. ಉದಾಹರಣೆಗೆ ನೂರು ರೂಪಾಯಿಯಲ್ಲಿ ಇಪ್ಪತ್ತು ಕಳೆಯಿತೆನ್ನೋಣ. ಆಗ ಎಲ್ಲರ ಕೈಗೂ ಕೂಡಿ ಹಿಂದಿರುಗುವುದು ಎಂಬತ್ತು. ಆ ಎಂಬತ್ತನ್ನೇ ಮುಂದಿನ ಓಟದಲ್ಲಿ ಹಾಕಿದರೆ ಅರವತ್ತನಾಲ್ಕು. ಅದರ ಮುಂದಿನದರಲ್ಲಿ ಐವತ್ತೊಂದು. ಒಬ್ಬಿಬ್ಬರು ಗೆದ್ದು ಮನೆಗೆ ಹೋಗಬಹುದು. ಗುಂಪು ಗುಂಪಾಗಿ ಗೆಲ್ಲುವುದು ಗಣಿತಕ್ಕೆ ವಿರುದ್ಧ. ಕೌಶಲದ ಆಟವೆಂಬ ನ್ಯಾಯಾಲಯದ ಮಾತು ಈ ಕಳೆಯುವ ಲೆಕ್ಕವನ್ನು ಬದಲಿಸುವುದಿಲ್ಲ. ಲಾಯದ ಕೌಶಲವನ್ನು ತನ್ನ ಕೌಶಲವೆಂದು ಭ್ರಮಿಸುವುದರಲ್ಲಿಯೇ ಜೂಜುಗಾರನ ಕೇಡು ಆರಂಭವಾಗುತ್ತದೆ.

ಹಾಗಾದರೆ ಪಂದ್ಯಗಳನ್ನು ನಿಲ್ಲಿಸಿಬಿಡುವುದೇ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ನಿಲ್ಲಿಸುವುದೆಂದರೇನು ಎಂಬುದನ್ನು ೨೦೨೪ನೆಯ ವರ್ಷ ಸ್ವಲ್ಪಮಟ್ಟಿಗೆ ತೋರಿಸಿತು. ಬೆಂಗಳೂರಿನ ಪಂದ್ಯಗಳ ಪರವಾನಗಿಯ ವಿಷಯದಲ್ಲಿ ವ್ಯಾಜ್ಯ ಹುಟ್ಟಿ, ಅದು ಉಚ್ಚ ನ್ಯಾಯಾಲಯದ ಮುಂದೆ ಬಂದು, ಕೆಲವು ಕಾಲ ಓಟಗಳು ನಡೆಯದೆ ಹೋದವು. ಕಿಂಡಿಗಳನ್ನು ಮುಚ್ಚಬಹುದು, ಗೋದಲೆಯನ್ನು ಮುಚ್ಚಲಾಗುವುದಿಲ್ಲ. ಓಟವಿರಲಿ ಬಿಡಲಿ, ಕುದುರೆಗೆ ಹೊತ್ತುಹೊತ್ತಿಗೆ ಮೇವು ಬೇಕು, ಬೆಳಗಿನ ನಡಿಗೆ ಬೇಕು, ಕಾಲಿನ ಆರೈಕೆ ಬೇಕು. ಒಡೆಯನ ಉತ್ಸಾಹ ಕುಂದಿದರೆ ಮೊದಲು ಕಷ್ಟಕ್ಕೆ ಸಿಕ್ಕುವವರು ಸಯೀಸನೂ ಅವನ ವಶದಲ್ಲಿರುವ ಮೂಕಪ್ರಾಣಿಯೂ. ಪಂದ್ಯಗಳು ಇರಬೇಕೆ ಬೇಡವೆ ಎಂದು ನಾವು ತೀರ್ಮಾನಿಸುವಾಗ ಈ ಇಬ್ಬರ ಗತಿಯೇನೆಂಬುದನ್ನೂ ತೀರ್ಮಾನಿಸಬೇಕಾಗುತ್ತದೆ.

ಓಡುವ ಕಾಲ ಮುಗಿದ ಕುದುರೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಕುದುರೆ ಇಪ್ಪತ್ತೈದು ವರ್ಷ ಬಾಳಬಲ್ಲದು. ಓಡುವುದು ಅದರಲ್ಲಿ ಐದಾರು ವರ್ಷ. ಉತ್ತಮವಾದವು ತಳಿಗಾಗಿ ಸಾಕಣೆಯ ಕೇಂದ್ರಕ್ಕೆ ಹೋಗುತ್ತವೆ. ಕೆಲವು ಸವಾರಿ ಕಲಿಸುವ ಶಾಲೆಗಳನ್ನು ಸೇರುತ್ತವೆ. ಉಳಿದವಕ್ಕೆ ಸರಿಯಾದ ನೆಲೆ ದೊರೆಯುವುದು ಒಡೆಯನ ಮನಸ್ಸನ್ನು ಅವಲಂಬಿಸಿದೆ. ಓಡುವಷ್ಟು ಕಾಲ ಅದರ ಹೆಸರನ್ನು ಕೂಗಿದ ಊರು, ಓಡಲಾರದ ಕಾಲಕ್ಕೆ ಅದಕ್ಕೊಂದು ಹುಲ್ಲುಗಾವಲನ್ನು ಕೊಡಲಾರದೆ? ಗೆದ್ದ ಹಣದಲ್ಲಿ ಒಂದು ಸಣ್ಣ ಪಾಲು ಇದಕ್ಕೆಂದು ಕಡ್ಡಾಯವಾಗಿ ಮೀಸಲಾದರೆ ಅದು ದಾನವೆನಿಸದು, ಸಾಲ ತೀರಿಸಿದಂತೆ.

ನಿಟ್ಟೂರಿನ ಕಡೆಯ ಒಕ್ಕಲಿಗನು ಉಳುಮೆಗೆ ಮುಂಚೆ ಎತ್ತಿನ ಕಾಲನ್ನು ನೋಡದೆ ನೊಗ ಕಟ್ಟುವುದಿಲ್ಲ. ಅದು ಅವನಿಗೆ ಶಾಸ್ತ್ರವಲ್ಲ, ಅನ್ನದ ಋಣ. ಚಾಮುಂಡಿಯ ತಪ್ಪಲಿನಲ್ಲಿ ನಸುಕಿಗೆ ಮಂಡಿಯೂರಿ ಕುದುರೆಯ ಕಾಲನ್ನು ಸವರುವ ಸಯೀಸನ ಕೈಯಲ್ಲಿರುವುದೂ ಅದೇ. ಮುಂದೆ ತಾವು ಪಂದ್ಯಕ್ಕೆ ಹೋದರೆ ಒಂದು ಕೆಲಸ ಮಾಡಿ. ಓಟಕ್ಕೆ ಮೊದಲು ಕುದುರೆಗಳನ್ನು ವರ್ತುಲವಾಗಿ ನಡೆಸುವ ಅಂಗಳದ ಬಳಿ ಹತ್ತು ನಿಮಿಷ ನಿಲ್ಲಿ. ಜಾಕಿ ಹತ್ತುವುದಕ್ಕೆ ಮುಂಚೆ ಕಡಿವಾಣ ಹಿಡಿದು ಪಕ್ಕದಲ್ಲಿ ನಡೆಯುವವನನ್ನು ನೋಡಿ. ಅವನ ಕಡೆಗೆ ಕುದುರೆ ಕಿವಿ ತಿರುಗಿಸುವುದನ್ನು ನೋಡಿ. ಗೆಲ್ಲುವ ಕುದುರೆ ಯಾವುದೆಂದು ಅದರಿಂದ ತಮಗೆ ತಿಳಿಯಲಾರದು. ಆದರೆ ಆ ಮೈದಾನದಲ್ಲಿ ನೋಡತಕ್ಕದ್ದು ಏನೆಂಬುದು ತಿಳಿದೀತು; ಅದಕ್ಕೆ ಚೀಟಿ ಕೊಳ್ಳಬೇಕಾಗಿಯೂ ಇಲ್ಲ.